ದೊಡ್ಡದು ಮಾಡುವ ಹೊತ್ತು

ಸತ್ತವರು ತಿರುಗಿ ಬರುತ್ತಾರೆ ಎನ್ನುವುದನ್ನು ನಾನು ಎಂದೂ ನಂಬಿದವನಲ್ಲ. ಇದನ್ನು ಹೇಳಿದರೆ ನಮ್ಮ ಕಡೆಯವರು ನಗುತ್ತಾರೆ, ಏಕೆಂದರೆ ನಮ್ಮದು ಸತ್ತವರ ಹೆಸರಿನಲ್ಲಿ ಉಂಡು ಬೆಳೆದ ಮನೆ. ಕಾಶಿಯ ಶಿವಾಲ ಎಂಬ ಕೇರಿಯಲ್ಲಿ ನಮ್ಮಪ್ಪ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಅವರ ವೃತ್ತಿ. ಯಾರ ಯಾರದೋ ಅಪ್ಪಂದಿರನ್ನು, ಅಜ್ಜಂದಿರನ್ನು ಗೋತ್ರ ಹೇಳಿ ಹೆಸರು ಹಿಡಿದು ಕರೆಯುವುದನ್ನು ಕೇಳಿಕೊಂಡೇ ದೊಡ್ಡವನಾದೆ. ಕರೆಸಿಕೊಂಡವರಲ್ಲಿ ಒಬ್ಬರಾದರೂ 'ಏನಪ್ಪಾ' ಎಂದು ಬಂದು ನಿಂತದ್ದನ್ನು ನಾನು ಕಾಣಲಿಲ್ಲ. ಕಾಗೆ ಬರುತ್ತಿತ್ತು, ಅಷ್ಟೆ.

ನಾನು ಆ ವೃತ್ತಿಗೆ ಇಳಿಯಲಿಲ್ಲ. ಮಂತ್ರ ನನ್ನ ಬಾಯಿಗೆ ಹತ್ತಲಿಲ್ಲ ಎಂದು ಅಪ್ಪನ ದೂರು; ಬಾಯಿಗೇನೋ ಹತ್ತಿತ್ತು, ಮನಸ್ಸಿಗೆ ಹತ್ತಲಿಲ್ಲ. ಗೋದೌಲಿಯಾದ ಹಿಂದಿನ ಗಲ್ಲಿಯೊಂದರಲ್ಲಿದ್ದ ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿಯವನಾಗಿ ಸೇರಿಕೊಂಡೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಸೀರೆಯ ಸಗಟು ಕೋಠಿಗಳು, ಹೋಟೆಲುಗಳು, ಲಾರಿ ಆಫೀಸುಗಳು ಒಂದೊಂದು ಕಂಪ್ಯೂಟರು ತರಿಸಿಕೊಳ್ಳುತ್ತಿದ್ದವು. ಕೆಟ್ಟಾಗಲೆಲ್ಲ ನಾನು ಚೀಲ ಹೆಗಲಿಗೇರಿಸಿ ಸೈಕಲ್ ತುಳಿಯಬೇಕು. ಚೀಲದಲ್ಲಿ ಸ್ಕ್ರೂಡ್ರೈವರು, ಧೂಳು ಹೊಡೆಯುವ ಬ್ರಷ್ಷು ಮತ್ತು ಡಾಸ್ ಫ್ಲಾಪಿಗಳು. ಡಾಸ್ ಎಂದರೆ ಆಗಿನ ಕಂಪ್ಯೂಟರನ್ನು ಎಬ್ಬಿಸಿ ನಡೆಸುತ್ತಿದ್ದ ವ್ಯವಸ್ಥೆ. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ನೀವೊಂದು ಪದ ಹೊಡೆಯಬೇಕು. ಆ ಹೆಸರಿನ ಆಜ್ಞೆ ಅದರ ಹೊಟ್ಟೆಯಲ್ಲಿದ್ದರೆ ಮಾಡುತ್ತದೆ. ಇಲ್ಲದಿದ್ದರೆ 'ಬ್ಯಾಡ್ ಕಮಾಂಡ್' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತದೆ. ಇದೊಂದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ ಸೇತುವೆ ದಾಟಿ ರಾಮನಗರಕ್ಕೆ ಹೋದರೆ ಅಲ್ಲಿ ಇಲಿ ತಂತಿ ಕಡಿದಿರುತ್ತಿತ್ತು. ತಿರುಗಿ ಬಂದರೆ ಇನ್ನೊಬ್ಬರ ಫ್ಲಾಪಿಗೆ ಬೂಷ್ಟು, ಮತ್ತೊಬ್ಬರ ಕೀಬೋರ್ಡಿಗೆ ಪಾನಿನ ರಸ. ಕರೆಂಟಿನ ಕಥೆಯಂತೂ ಆ ವಿಶ್ವನಾಥನಿಗೇ ಪ್ರೀತಿ. ಸಂಜೆ ಮನೆ ಸೇರಿದರೆ ಅಮ್ಮ ಕೇಳಿದ್ದಕ್ಕೆ ಉತ್ತರ ಕೊಡಲೂ ತ್ರಾಣವಿರುತ್ತಿರಲಿಲ್ಲ. ಹಾಗಾಗಿ ನಾನೀಗ ಹೇಳುವುದನ್ನು ಕೇಳಿ, 'ಪಾಪ, ಸುಸ್ತಾಗಿತ್ತು, ಕಣ್ಣು ಮೋಸ ಮಾಡಿರಬೇಕು' ಎಂದು ನೀವಂದರೆ ನಾನು ಜಗಳಕ್ಕೆ ಬರುವುದಿಲ್ಲ. ನಾನೂ ಅದನ್ನೇ ಹೇಳಿಕೊಂಡು ನೋಡಿದ್ದೇನೆ.

ನಮ್ಮ ಗಿರಾಕಿಗಳಲ್ಲಿ ಒಂದು ಹಳೆಯ ಸೀರೆ ಕೋಠಿ ಇತ್ತು. ಮೇಲಿನ ಅಂತಸ್ತಿನಲ್ಲಿ ಗದ್ದಿ, ಅಂದರೆ ಬಿಳಿ ಬಟ್ಟೆ ಹೊದಿಸಿದ ಹಾಸಿಗೆಯ ಮೇಲೆ ಎಲ್ಲರೂ ಚಕ್ಕಳಮಕ್ಕಳ ಕೂತು ವ್ಯಾಪಾರ ಮಾಡುವ ಜಾಗ. ಕಂಪ್ಯೂಟರಿಗೂ ಅಲ್ಲಿ ಕುರ್ಚಿ ಮೇಜಿನ ಭಾಗ್ಯವಿರಲಿಲ್ಲ. ಗಿಡ್ಡ ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಎದುರಿಗೆ ಊದುಬತ್ತಿ ಸಿಕ್ಕಿಸಿದ್ದರು. ಆ ಬೂದಿ ಹಾರಿ ಫ್ಲಾಪಿಯ ಬಾಯಿಗೆ ಬೀಳುತ್ತಿತ್ತು. ನಾನು ಬೈದುಕೊಂಡು ಒರೆಸುತ್ತಿದ್ದೆ, ಅವರು ಮಾರನೆಯ ದಿನ ಮತ್ತೆ ಹಚ್ಚುತ್ತಿದ್ದರು.

ಆ ಕಂಪ್ಯೂಟರನ್ನು ನಡೆಸುತ್ತಿದ್ದವರು ಸುಬ್ಬರಾಯ ಮಾಮ. ಶಿವಾಲದವರೇ, ನಮ್ಮ ಮನೆಯ ಹಿಂದಿನ ಗಲ್ಲಿ. ಅದೇ ಗದ್ದಿಯಲ್ಲಿ ಟೈಪಿಸ್ಟರಾಗಿ ಕೂದಲು ನೆರೆಸಿಕೊಂಡವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಜಾಗ ಬದಲಿಸದೆ ಅಲ್ಲೇ ಕೂತು ಇದನ್ನೂ ಕಲಿತರು. ಮಾತಿನ ವಿಷಯದಲ್ಲಿ ಬಲು ಮಡಿ. ಬಳೆ ಒಡೆಯಿತು ಎನ್ನದೆ ಹೆಚ್ಚಿತು ಎನ್ನುವ, ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಕಾಲದವರು.

ಆಗಿನ ಹಾರ್ಡ್ ಡಿಸ್ಕಿನ ಒಳಗೆ ಗ್ರಾಮಫೋನಿನ ಮುಳ್ಳಿನಂಥದ್ದೊಂದು ತಿರುಗುವ ತಟ್ಟೆಯ ಮೇಲೆ ಓಡಾಡುತ್ತಿರುತ್ತದೆ. ಥಟ್ಟನೆ ಕರೆಂಟು ತೆಗೆದರೆ ಅದು ಇದ್ದಲ್ಲೇ ಕೂತು ಗೀರುತ್ತದೆ. ಗೀರಿದ ಕಡೆ ಬರೆದಿಟ್ಟದ್ದೆಲ್ಲ ಹೋಯಿತು. ಆದ್ದರಿಂದ ಸ್ವಿಚ್ ತೆಗೆಯುವ ಮೊದಲು ಅದನ್ನು ಖಾಲಿ ಅಂಚಿಗೆ ಕಳಿಸಬೇಕು. ಈ ಕೆಲಸಕ್ಕೆ ನಾನೊಂದು ಪುಟ್ಟ ಫೈಲು ಮಾಡಿ, ಎಲ್ಲರಿಗೂ ನೆನಪಿರಲೆಂದು ಬಂದ್ ಎಂದು ಹೆಸರಿಟ್ಟಿದ್ದೆ. ಸುಬ್ಬರಾಯ ಮಾಮ ಮುಟ್ಟಲಿಲ್ಲ. "ದೀಪ ಹಚ್ಚೋ ಹೊತ್ತಲ್ಲಿ ಗದ್ದಿ ಮೇಲೆ ಕೂತು ಬಂದ್ ಅಂತ ಹೊಡೀಲೇನೋ?" ಎಂದರು. ಕೋಠಿಯ ಯಜಮಾನ ಸೇಠ್‌ಜಿಯೂ ಅವರ ಕಡೆಗೇ. ಬನಾರಸಿನ ವ್ಯಾಪಾರಿ ಅಂಗಡಿ ಮುಚ್ಚು ಎಂದು ಬಾಯಿತಪ್ಪಿಯೂ ಹೇಳುವುದಿಲ್ಲ, 'ದುಕಾನ್ ಬಢಾವೋ' ಎನ್ನುತ್ತಾನೆ, ಅಂಗಡಿ ಬೆಳೆಸು ಎಂದು. ಸರಿ, ಮಾಮ ಕೇಳಿದ ಹಾಗೆ ಫೈಲಿಗೆ 'ದೊಡ್ಡ' ಎಂದು ಹೆಸರಿಟ್ಟೆ. ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡ ಎಂದು ಹೊಡೆದರೆ ಮುಳ್ಳು ಅಂಚಿಗೆ ಹೋಗಿ ಟಿಕ್ ಎಂದು ಕೂರುತ್ತಿತ್ತು. ಪರದೆ ಖಾಲಿಯಾಗಿ ಒಂದೇ ಪದ ಮೂಡುತ್ತಿತ್ತು: ಮುಗಿಯಿತು.

ಈ ಮುಗಿಯಿತು ನನ್ನದೇ ಪದ, ಸ್ವಿಚ್ ತೆಗೆಯಬಹುದು ಎನ್ನುವುದಕ್ಕೆ ಗುರುತು. ಅದಕ್ಕೂ ಅವರ ತಕರಾರು. "ಯಾರದು ಮುಗೀತು? ಮನೆಯಿಂದ ಹೊರಡೋವಾಗ ನಾವು ಏನಂತೀವಿ, ಬರ್ತೀನಿ ಅಂತೀವಿ. ಹಾಗೆ ಹಾಕಿಕೊಡೋ." ಹಾಕೋಣ ಮಾಮ, ಎನ್ನುತ್ತಿದ್ದೆ. ಹೋದಾಗಲೆಲ್ಲ ಕೇಳುತ್ತಿದ್ದರು, ನಾನೂ ಹಾಕೋಣ ಎನ್ನುತ್ತಲೇ ಇದ್ದೆ. ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಆ ಮೆಟ್ಟಿಲು ಇಳಿದರೆ ಇನ್ನೂ ನಾಲ್ಕು ಕಡೆ ಕಾಯುವವರಿರುತ್ತಿದ್ದರು, ಮುದುಕರ ಶಬ್ದಚಪಲಕ್ಕೆ ಯಾರಿಗೆ ಪುರುಸೊತ್ತು.

ಒಂದು ಶ್ರಾವಣದ ಬೆಳಿಗ್ಗೆ ಸುಬ್ಬರಾಯ ಮಾಮ ಕೋಠಿಯ ಮೆಟ್ಟಿಲು ಹತ್ತುತ್ತ ನಡುವೆ ಕೂತರು, ಹಾಗೆಯೇ ಗೋಡೆಗೆ ಒರಗಿದರು. ಅಷ್ಟೆ. ನಮ್ಮಪ್ಪನೇ ನಿಂತು ಕರ್ಮಾಂತರ ಮಾಡಿಸಿದರು.

ಮನೆಯಲ್ಲಿ ಉಳಿದವರು ಹೆಂಡತಿ ಮತ್ತು ಮಗಳು ವಿಶಾಲು. ಅವಳಿಗೆ ಟೈಪಿಂಗ್ ಬರುತ್ತಿತ್ತು, ಅಪ್ಪನೇ ಕಲಿಸಿದ್ದರು. ಸೇಠ್‌ಜಿ ಕೆಟ್ಟ ಮನುಷ್ಯನಲ್ಲ. ಲಗನ್ ಶುರುವಾಗುವ ತನಕ, ಅಂದರೆ ಮದುವೆಯ ಕಾಲ ಬರುವ ತನಕ ಕೂತು ನೋಡಲಿ, ನಿಭಾಯಿಸಿದರೆ ಜಾಗ ಅವಳದೇ ಎಂದರು. ಗಂಡಸರೇ ತುಂಬಿದ ಆ ಗದ್ದಿಯ ಮೇಲೆ ಹುಡುಗಿ ಕೂತದ್ದು ಅದೇ ಮೊದಲು. ಅವಳ ಸಂಬಳ ಬಿಟ್ಟರೆ ಆ ಮನೆಯ ಒಲೆಗೆ ಬೇರೆ ದಾರಿ ಇರಲಿಲ್ಲ.

ಅವಳು ಕೂತ ಮೇಲೆ ಕಂಪ್ಯೂಟರು ಕೈಕೊಡತೊಡಗಿತು. ಬೆಳಿಗ್ಗೆ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಗಿರಾಕಿಗಳ ಬಾಕಿ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ನಾನು ಹೋಗಿ ಡಾಸ್ ಮತ್ತೆ ಹಾಕುವುದು, ಕೆಟ್ಟ ಜಾಗಗಳನ್ನು ಗುರುತು ಹಾಕಿ ಬದಿಗಿಡುವುದು, ಎರಡು ದಿನಕ್ಕೆ ಮತ್ತೆ ಅದೇ ಗೋಳು. ಅಷ್ಟರಲ್ಲಿ ಗದ್ದಿಯ ಮುನೀಮರು, ಲೆಕ್ಕ ಬರೆಯುವ ಹಿರಿಯರು, ಉಪ್ಪುಖಾರ ಹಚ್ಚಿ ಹೇಳತೊಡಗಿದ್ದರು. ಬಾಗಿಲು ಹಾಕಿದ ಮೇಲೆ ಸಂದಿಯಿಂದ ಹಸಿರು ಬೆಳಕು ಕಾಣುತ್ತದಂತೆ, ಕಟಕಟ ಸದ್ದು ಕೇಳುತ್ತದಂತೆ. "ಪಂಡಿತ್‌ಜೀ ಅಭೀ ಗಯೇ ನಹೀಂ, ಭೈಯಾ" ಎಂದರು ನನ್ನ ಹತ್ತಿರ, ಪಂಡಿತರು, ಅಂದರೆ ಸುಬ್ಬರಾಯ ಮಾಮ, ಇನ್ನೂ ಹೋಗಿಲ್ಲ ಎಂದು. ಸೇಠ್‌ಜಿ ದೆವ್ವಕ್ಕೆ ಹೆದರಲಿಲ್ಲ, ಲಗನ್ನಿಗೆ ಹೆದರಿದರು. ಇನ್ನೊಂದು ಸಲ ಕೆಟ್ಟರೆ ಡಬ್ಬ ಎತ್ತಿಕೊಂಡು ಹೋಗು, ಕೈಯಲ್ಲಿ ಬರೆಯುವ ಹಳೆಯ ಬಹಿಖಾತೆಯೇ ಸಾಕು, ಹುಡುಗಿಯನ್ನೂ ಮನೆಗೆ ಕಳಿಸುತ್ತೇನೆ ಎಂದರು.

ನನಗೆ ತಲೆ ಚಿಟ್ಟು ಹಿಡಿದಿತ್ತು. ಅವತ್ತು ಡಬ್ಬ ಬಿಚ್ಚಿ ನೋಡಿದರೆ ಡಿಸ್ಕಿನ ಮೈ ಬಿಸಿಯಾಗಿತ್ತು, ಬೆಳಗಿನ ಮೊದಲ ಹೊತ್ತಿಗೇ. ರಾತ್ರಿಯೆಲ್ಲ ಅದು ಓಡುತ್ತಲೇ ಇದ್ದಿರಬೇಕು ಎಂದು ನನಗೆ ಹೊಳೆಯಿತು. ಮುನೀಮರು ಚಹಾಕ್ಕೆ ಇಳಿದದ್ದೇ ವಿಶಾಲುವನ್ನು ಕೇಳಿದೆ.

"ಸಂಜೆ ದೊಡ್ಡದು ಮಾಡ್ತೀಯ ತಾನೇ?"

ಅವಳು ಕೀಬೋರ್ಡು ನೋಡುತ್ತ ಕೂತಳು. ಕಾಶಿಯಲ್ಲೇ ಹುಟ್ಟಿದವಳು, ಅವಳ ಕನ್ನಡ ಹಿಂದಿಯನ್ನು ಊರುಗೋಲು ಮಾಡಿಕೊಂಡೇ ನಡೆಯುತ್ತಿತ್ತು. "ಇಲ್ಲ ಭೈಯಾ. ಬಟ್ಟೆ ಮುಚ್ಚಿ ಹೋಗ್ತೀನಿ. ದೊಡ್ಡ ಅಂತ ಹೊಡೆದ್ರೆ ಅದು ಮುಗಿಯಿತು ಅಂತ ದಿಖಾಯ್ಸತ್ತೆ. ನನ್ನ ಕೈಯಿಂದ ಅದನ್ನ ಬರಿಸೋಕೆ ಆಗಲ್ಲ."

ಆಮೇಲೆ ತಾನಾಗಿಯೇ ಹೇಳಿದಳು. ತೀರಿಕೊಂಡ ದಿನ ಬೆಳಿಗ್ಗೆ ಅಪ್ಪ ಎಂದಿನಂತೆ, ಮನೆಯಲ್ಲಾದರೂ ಕನ್ನಡ ಆಡು ಎಂದು ಗೊಣಗಿದ್ದಾರೆ. ಇವಳಿಗೆ ರೇಗಿದೆ. 'ಜಾಯಿಯೇ ನ, ದೇರ್ ಹೋ ರಹೀ ಹೈ' ಎಂದಿದ್ದಾಳೆ, ಹೋಗಿ, ಹೊತ್ತಾಗುತ್ತಿದೆ ಎಂದು. ಅವರು ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ದಿನವೂ ಹೊಸ್ತಿಲಲ್ಲಿ ನಿಂತು ಬರ್ತೀನಿ ಎನ್ನುವವರು ಅವತ್ತು ಅನ್ನಲಿಲ್ಲ. "ಕನ್ನಡದಲ್ಲಿ ಅಂದಿದ್ರೆ ಹೋಗ್ಬಿಟ್ಟು ಬನ್ನಿ ಅಂತಿದ್ದೆ ಭೈಯಾ. ಬರೀ ಹೋಗಿ ಅಂದೆ. ಅವರು ಹೋದ್ರು."

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಟವರಿಗೆ ಬರೀ ಹೋಗಿ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ? ಅಂತೂ ಮುನೀಮರ ದೆವ್ವ ನನಗೆ ಸಿಕ್ಕಿಬಿದ್ದಿತ್ತು. ಬಟ್ಟೆಯ ಕೆಳಗೆ ಪರದೆ ಉರಿಯುತ್ತಿತ್ತು, ಅದೇ ಹಸಿರು ಬೆಳಕು. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ತಾನೇ ಎದ್ದು ಕಟಗುಡುತ್ತಿತ್ತು. ಪ್ರತಿ ಸಲ ಕರೆಂಟು ಹೋದಾಗ ಮುಳ್ಳು ಒಂದಿಷ್ಟು ಗೀರುತ್ತಿತ್ತು. ಇದನ್ನು ಸೇಠ್‌ಜಿಗೆ ಹೇಳಿದರೆ ಅವಳ ಜಾಗ ಅಲ್ಲಿಗೇ ಹೋಗುತ್ತಿತ್ತು. ಡಿಸ್ಕ್ ಹಳತಾಗಿದೆ, ಹೊಸದು ಹಾಕಬೇಕು ಎಂದಷ್ಟೇ ಹೇಳಿದೆ. ಅವರು ನರಳಿಕೊಂಡು, ಇದೇ ಕೊನೆಯ ಸಲ ಎಂದು ಒಪ್ಪಿದರು.

ಹೊಸ ಡಿಸ್ಕ್ ಬಂದ ದಿನ ಮಧ್ಯಾಹ್ನವೇ ಕೂತೆ. ಹಳೆಯದನ್ನು ಕಳಚಿ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಹೊಸದನ್ನು ಕೂರಿಸಿ, ಮೊಹರು ಒಡೆಯದ ಪೊಟ್ಟಣದಿಂದ ಫ್ಲಾಪಿ ತೆಗೆದು ಹೊಸ ಡಾಸ್ ಹಾಕಿದೆ. ಅದು ಮುಗಿಯುವಾಗ ಹೊರಗೆ ಬಿಸಿಲು ಇಳಿದಿತ್ತು, ಬೆನ್ನು ಸೆಟೆದುಕೊಂಡಿತ್ತು. ಹಳೆಯ ಲೆಕ್ಕಗಳ ನಕಲು ನಮ್ಮ ಆಫೀಸಿನಲ್ಲಿತ್ತು, ಅದನ್ನು ನಾಳೆ ತಂದು ತುಂಬೋಣ ಎಂದುಕೊಂಡೆ. ಅಂದರೆ ಆ ಡಿಸ್ಕಿನಲ್ಲಿ ಆಗ ಡಾಸ್ ಒಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ದೊಡ್ಡ ಎಂಬ ಫೈಲು ನನ್ನ ಚೀಲದಲ್ಲಿ, ಟವೆಲಿನೊಳಗೆ ಇತ್ತು.

ವಿಶಾಲುವಿಗೆ ಸಮಾಧಾನವಾಗಲೆಂದು, "ಈ ಹೊಸದರ ಮುಳ್ಳು ತಾನೇ ಅಂಚಿಗೆ ಹೋಗತ್ತೆ ಕಣಮ್ಮ. ಇನ್ಮೇಲೆ ನೀನು ಏನೂ ಹೊಡೀಬೇಕಾಗಿಲ್ಲ, ಸ್ವಿಚ್ ತೆಗೆದ್ರೆ ಸಾಕು," ಎಂದೆ. ಅವಳು ತಲೆಯಾಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ.

ಕೆಳಗೆ ಅಂಗಡಿಯಲ್ಲಿ ದೀಪ ಹಚ್ಚಿದರು. ಮುನೀಮರು ಸೀರೆಗಳ ಮೇಲೆ ಬಟ್ಟೆ ಹೊದಿಸುತ್ತ 'ಬಢಾವೋ ಬಿಟಿಯಾ, ಬಢಾವೋ' ಎಂದು ಕೂಗಿದರು. ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ವಿಶಾಲು ಯಂತ್ರದ ಮುಂದೆ ಕೂತು, ಎಷ್ಟೋ ದಿನದಿಂದ ಹೊಡೆಯದೆ ಇದ್ದ ಪದವನ್ನು ಒಂದೊಂದೇ ಅಕ್ಷರವಾಗಿ ಹೊಡೆದಳು. ದೊಡ್ಡ. ಅದು ಈಗ ಇಲ್ಲಮ್ಮ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎಂಟರ್ ಒತ್ತಿದ್ದಳು.

ಬ್ಯಾಡ್ ಕಮಾಂಡ್ ಎಂದು ಬರಬೇಕು. ಕಣ್ಣು ಮಿಟುಕಿಸುವುದರೊಳಗೆ ಬರಬೇಕು. ಬರಲಿಲ್ಲ. ಡಿಸ್ಕಿನ ಕೆಂಪು ದೀಪ ಹೊತ್ತಿತು, ಒಳಗೆ ಟಿಕ್ ಎಂದಿತು, ಪರದೆ ಖಾಲಿಯಾಯಿತು. ಮೇಲೆ ಎಡಗಡೆ ಒಂದು ಪದ ಮೂಡಿತು. ಮುಗಿಯಿತು ಅಲ್ಲ.

ಬರ್ತೀನಿ.

ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಎರಡು 'ಇ' ಹಾಕಿ ಬರೆದಿತ್ತು. ನಾನಾಗಿದ್ದರೆ ಒಂದು 'ಐ' ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ದೀರ್ಘ ಬಂದ ಕಡೆ ಬಿಡದೆ ಎರಡು 'ಇ' ಹೊಡೆಯುತ್ತಿದ್ದವರು ಸುಬ್ಬರಾಯ ಮಾಮ.

ಭಯವಾಯಿತು ಎಂದೇ ಹೇಳುತ್ತೇನೆ, ಮುಚ್ಚಿಡುವುದೇನಿದೆ. ವಿಶಾಲು ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಆ ಪದವನ್ನು ನೋಡುತ್ತ ಕೂತಿದ್ದಳು. ಆಮೇಲೆ, ಬಾಗಿಲಲ್ಲಿ ನಿಂತವರಿಗೆ ಹೇಳುವ ಹಾಗೆ, "ಹೂಂ, ಹೋಗ್ಬಿಟ್ಟು ಬನ್ನಿ," ಎಂದಳು. ಒಂದು ಹಿಂದಿ ಪದವಿಲ್ಲ, ಒಂದು ತಡವರಿಕೆಯಿಲ್ಲ. ಸ್ವಿಚ್ ತೆಗೆದಳು. ಹಸಿರು ಅಕ್ಷರ ಕುಗ್ಗಿ ಚುಕ್ಕೆಯಾಗಿ ಹೋಯಿತು. ಬಟ್ಟೆ ಹೊದಿಸಿ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ನನ್ನನ್ನು ಕೇಳಿ, ಚಪ್ಪಲಿ ಮೆಟ್ಟಿ ಇಳಿದು ಹೋದಳು. ಮುನೀಮರು ಆ ಕಡೆ ತಿರುಗಿ ಸೀರೆ ಎಣಿಸುತ್ತಿದ್ದರು, ಅವರು ಏನನ್ನೂ ನೋಡಲಿಲ್ಲ.

ಅವತ್ತು ಮನೆಗೆ ಸೈಕಲ್ ತಳ್ಳಿಕೊಂಡು ಬಂದೆ, ಹತ್ತುವ ಧೈರ್ಯವಾಗಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಸಿದೆ. ಯಂತ್ರ ಎಬ್ಬಿಸಿ ದೊಡ್ಡ ಎಂದು ಹೊಡೆದೆ. ಬ್ಯಾಡ್ ಕಮಾಂಡ್. ಮತ್ತೆ ಹೊಡೆದೆ. ಬ್ಯಾಡ್ ಕಮಾಂಡ್. ಫೈಲುಗಳ ಪಟ್ಟಿ ತೆಗೆದೆ, ಅಡಗಿಸಿಟ್ಟವು ಇವೆಯೇ ನೋಡಿದೆ. ಡಿಸ್ಕಿನ ಮೂಲೆಮೂಲೆಯಲ್ಲೂ ಅಕ್ಷರ ಹುಡುಕುವ ಸಾಧನವಿತ್ತು, ಅದನ್ನೂ ಓಡಿಸಿದೆ. ಆ ಪದ ಎಲ್ಲೂ ಇರಲಿಲ್ಲ. ಆಫೀಸಿಗೆ ಬಂದು ಹಳೆಯ ಡಿಸ್ಕನ್ನು ಬೇರೆ ಯಂತ್ರಕ್ಕೆ ಕಟ್ಟಿ ನೋಡಿದರೆ, ಅದರಲ್ಲಿ ದೊಡ್ಡ ಇತ್ತು, ಆದರೆ ಅದರೊಳಗೆ ಇದ್ದದ್ದು ನನ್ನ ಹಳೆಯ ಮುಗಿಯಿತು.

ಹಳೆಯ ಪರದೆಗಳಲ್ಲಿ ದಿನವೂ ಮೂಡಿದ ಅಕ್ಷರ ಕರಿಮಸಿಯಂತೆ ಉಳಿದುಬಿಡುವುದುಂಟು. ಉಳಿದರೆ ಮುಗಿಯಿತು ಉಳಿಯಬೇಕು. ದಣಿವಿನಲ್ಲಿ ನಾನೇ ಮಾಡಿ ಮರೆತೆನೇ? ಮಾಡಿದ್ದರೆ ಬೆಳಿಗ್ಗೆ ಅಲ್ಲಿ ಇರಬೇಕಿತ್ತು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಎಂಥೆಂಥ ಯಂತ್ರದ ಹಟವನ್ನೋ ಮುರಿದಿದ್ದೇನೆ. ಇದೊಂದು ನನ್ನ ಕೈಗೆ ಬಗ್ಗಲಿಲ್ಲ.

ಆ ಬೆಳಿಗ್ಗೆ ಇನ್ನೊಂದು ಕೆಲಸವನ್ನೂ ಮಾಡಿದ್ದೆ. ವಿಶಾಲು ಸಂಜೆ ಮತ್ತೆ ದೊಡ್ಡ ಎಂದು ಹೊಡೆದು, ಬ್ಯಾಡ್ ಕಮಾಂಡ್ ಎಂದು ಬಂದರೆ ಏನು ಗತಿ ಎನ್ನಿಸಿತು. ಅವಳು ಬರುವ ಮೊದಲೇ ಹೊಸ ಫೈಲು ಮಾಡಿ ಬರ್ತೀನಿ ಎಂದು ಬರೆದಿಟ್ಟೆ. ಎರಡು 'ಇ' ಹಾಕಿಯೇ ಬರೆದೆ. ಆಮೇಲೆ ಯಂತ್ರ ಕೆಡಲಿಲ್ಲ. ಪ್ರತಿ ಸಂಜೆ ಅವಳು ತಪ್ಪದೆ ದೊಡ್ಡದು ಮಾಡಿದಳು. ಲಗನ್ ಬಂತು, ಹೋಯಿತು, ಗದ್ದಿಯ ಮೇಲಿನ ಜಾಗ ಅವಳದೇ ಆಯಿತು.

ಎಷ್ಟೋ ವರ್ಷಗಳ ಮೇಲೆ, ತನ್ನ ಅಪ್ಪನ ತಿಥಿಗೆ ಹೇಳಿಹೋಗಲು ನಮ್ಮ ಮನೆಗೆ ಬಂದಿದ್ದ ವಿಶಾಲು ಕೇದಾರ ಘಾಟಿನ ಮೆಟ್ಟಿಲ ಹತ್ತಿರ ನನಗೆ ಸಿಕ್ಕಳು. ಅದೂ ಇದೂ ಮಾತಾಡಿ ಹೊರಡುವಾಗ ನಿಂತಳು.

"ಭೈಯಾ, ಒಂದು ಮಾತು ಹೇಳೋದು ರಹ್ ಗಯಾ, ಉಳಿದೇಹೋಯ್ತು. ಅಪ್ಪ ಕೇಳಿ ಕೇಳಿ ಸಾಕಾಗಿದ್ರು, ಕೊನೆಗೂ ನೀವು ಆ ಪದ ಹಾಕಿಕೊಟ್ರಿ. ಹೊಸ ಡಿಸ್ಕ್ ಹಾಕಿದ ದಿನ ಅದು ಬರ್ದೇ ಹೋಗಿದ್ರೆ ನಾನು ಮಾರನೇ ದಿನ ಗದ್ದಿಗೆ ಬರ್ತಾನೇ ಇರ್ಲಿಲ್ಲ. ಅಮ್ಮಂಗೂ ಹೇಳಿಬಿಟ್ಟಿದ್ದೆ."

ಇಷ್ಟು ವರ್ಷ ಅವಳು ಅದನ್ನು ನನ್ನ ಕೆಲಸವೆಂದೇ ತಿಳಿದಿದ್ದಳು. ನಾನಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನಾನಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾಳೆ.

"ಅದೇನು ದೊಡ್ಡ ಕೆಲಸ ಬಿಡಮ್ಮ," ಎಂದೆ.

"ಬರ್ತೀನಿ ಭೈಯಾ," ಎಂದಳು.

"ಹೋಗ್ಬಿಟ್ಟು ಬಾಮ್ಮ."

ಅವಳು ಮೆಟ್ಟಿಲು ಹತ್ತಿ ಹೋದಳು. ಎರಡನೆಯ ದಿನದಿಂದ ಆ ಯಂತ್ರದಲ್ಲಿ ಇದ್ದದ್ದು ನಾನು ಬರೆದ ಪದ. ಮೊದಲ ದಿನದ್ದು ನನ್ನದಲ್ಲ.